ಡೀಸೆಲ್ಲಿಗೆ ಬಿದ್ದ ಕಡ್ಡಿ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಪಠ್ಯಪುಸ್ತಕದ ಹಾಗೆ ಕೋಟ್ಯಂತರ ವರ್ಷ ಹಿಂದಿನ ಸಮುದ್ರದಿಂದ ಶುರು ಮಾಡಿದ್ದೆ. ಸತ್ತ ಸೂಕ್ಷ್ಮಜೀವಿಗಳು ಕೆಸರಿನಡಿ ಹೂತು, ಕಾವಿಗೂ ಒತ್ತಡಕ್ಕೂ ಕಚ್ಚಾ ತೈಲವಾದವು, ಇತ್ಯಾದಿ. ಎರಡು ಪುಟವಾದರೂ ಒಬ್ಬ ಮನುಷ್ಯನೂ ಬರಲಿಲ್ಲ. ಹರಿದು ಹಾಕಿದೆ.

(ನಾನು ಕನ್ನಡ ಮೇಷ್ಟ್ರು. ವಿಜ್ಞಾನದಲ್ಲಿ ತಪ್ಪಿದರೆ ಶಾಮಲಮ್ಮ ಮೇಡಂ ಕೆಂಪು ಇಂಕಿನಲ್ಲಿ ತಿದ್ದುತ್ತಾರೆ. ಈಗಾಗಲೇ ಮೂರು ಕಡೆ ತಿದ್ದಿದ್ದಾರೆ.)

೧

ಮುಳಬಾಗಿಲಿನಾಚೆ, ಹೆದ್ದಾರಿ ಪಕ್ಕದ ನಮ್ಮ ಹೈಸ್ಕೂಲಿನಲ್ಲಿ ಶಾಮಲಮ್ಮ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದಾರೆ. ಅವತ್ತು ಹತ್ತನೇ ಕ್ಲಾಸಿಗೆ ಕಚ್ಚಾ ತೈಲದ ಪಾಠ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವೂ ಕಾರ್ಬನ್ನು ಹೈಡ್ರೋಜನ್ನಿನ ಸರಪಣಿಗಳೇ ಎಂದರು. ಸರಪಣಿ ಗಿಡ್ಡವಾದಷ್ಟೂ ಬೇಗ ಆವಿಯಾಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಡೀಸೆಲ್ಲಿನದು ಉದ್ದ ಸರಪಣಿ.

ನಂಬಿಕೆಯಾಗಲಿ ಎಂದು ಸ್ಟೀಲ್ ತಟ್ಟೆಗೆ ಒಂದಿಷ್ಟು ಡೀಸೆಲ್ ಸುರಿದು ಉರಿಯುವ ಕಡ್ಡಿ ಹಾಕಿದರು. ಕಡ್ಡಿ ಚುಂಯ್ ಎಂದು ಆರಿತು. ಮಕ್ಕಳು ಚಪ್ಪಾಳೆ ಹೊಡೆದರು. ಮುಂದಿನ ಬೆಂಚಿನ ರಂಜಿತ, “ಇನ್ನೊಂದ್ಸಲ ಮೇಡಂ” ಎಂದಳು. ಎರಡನೆಯದೂ ಆರಿತು.

ಪೆಟ್ರೋಲಿನ ಆವಿಯ ವಿಷಯಕ್ಕೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು.

೨

ಎರಡು ವರ್ಷದ ಮೇಲೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಆಂಧ್ರದ ಕಡೆ ಹೊರಟಿದ್ದ ಟ್ಯಾಂಕರೊಂದು ರಂಜಿತಳ ಊರಿನ ಮುಂದೆ ಹುರುಳಿಕಾಯಿ ಹೊಲಕ್ಕೆ ಉರುಳಿತು. ಡ್ರೈವರನನ್ನು ಎಳೆದು ಬದುವಿನ ಮೇಲೆ ಕೂರಿಸಿದರು. ಆಮೇಲೆ ಎಲ್ಲರ ಕಣ್ಣೂ ಹರಿಯುತ್ತಿದ್ದ ಎಣ್ಣೆಯ ಮೇಲೆ ಬಿತ್ತು. ಕೊಡ, ಕ್ಯಾನು, ಬಕೆಟ್ಟು ಬಂದವು.

ರಂಜಿತಳ ಚಿಕ್ಕಪ್ಪ, ಹೆಸರು ಪೆದ್ದಪ್ಪ, ದೂರವೇ ನಿಂತಿದ್ದ. “ವದ್ದು ತಲ್ಲೀ, ಬೇಡ. ಬೆಂಕಿ ಅಂಟ್ಕೊಂಡ್ರೆ ಏನ್ ಗತಿ?”

ರಂಜಿತ ಬೆರಳದ್ದಿ ಮೂಸಿದಳು. “ಡೀಸೆಲ್ಲು ಚಿಕ್ಕಪ್ಪ. ಕಡ್ಡಿ ಗೀರಿ ಹಾಕಿದ್ರೂ ಹತ್ತಲ್ಲ. ನಮ್ ಶಾಮಲಮ್ಮ ಮೇಡಂ ಕ್ಲಾಸಲ್ಲೇ ತೋರ್ಸಿದ್ರು.”

ಅವಳು ಮೂಸಿದ್ದು ಡೀಸೆಲ್ಲೇ. ಆದರೆ ಟ್ಯಾಂಕರಿನೊಳಗೆ ನಾಲ್ಕು ಖಾನೆಗಳಿದ್ದವು. ಹಿಂದಿನದರಲ್ಲಿ ಪೆಟ್ರೋಲಿತ್ತು, ಅದೂ ಸೀಳಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲ ಹಿಡಿದು ರಸ್ತೆಯ ತನಕ ಹರಡಿತ್ತು. ಅಲ್ಲಿ ಯಾರೋ ಬೈಕಿನ ಕಿಕ್ ಹೊಡೆದರು.

ಒಂಬತ್ತು ಜನ ಸುಟ್ಟುಕೊಂಡರು. ರಂಜಿತಳನ್ನು ಎಳೆಯಲು ನುಗ್ಗಿದ ಪೆದ್ದಪ್ಪನ ಎರಡೂ ಕೈ ಬೆಂದವು. ರಂಜಿತ ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಐದನೆಯ ದಿನ ಇರಲಿಲ್ಲ.

(ಇಲ್ಲಿ ಬೇರೊಂದು ಮುಕ್ತಾಯ ಬರೆದಿದ್ದೆ: ಶಾಮಲಮ್ಮ ಬಸ್ಸಿನಿಂದ ಇಳಿದು ಓಡಿಬಂದು ಎಲ್ಲರನ್ನೂ ಹಿಂದಕ್ಕೆ ಕಳಿಸುತ್ತಾರೆ. ಚೆನ್ನಾಗಿಯೇ ಇತ್ತು. ಮೇಡಂ ಓದಿ, ಅಡ್ಡಗೀಟು ಎಳೆದು ವಾಪಸ್ ಕೊಟ್ಟರು.)

೩

ಆ ಅಡ್ಡಗೀಟಿನ ವಿಷಯಕ್ಕೆ ಸ್ಟಾಫ್ ರೂಮಿನಲ್ಲಿ ಜಗಳವಾಡಿದೆವು.

“ನಿಮ್ಮ ತಪ್ಪೇನಿದೆ ಮೇಡಂ? ನೀವು ಹೇಳಿದ್ದು ಸರಿಯಾಗೇ ಇತ್ತು. ಹಾಗಂತ ಒಂದು ಸಾಲು ಹಾಕ್ತೀನಿ.”

“ಹಾಕ್ಬೇಡಿ ಸಾರ್. ಅರ್ಧ ಹೇಳಿದ್ದೆ. ಆವಿ ಬಗ್ಗೆ ನಾಳೆ ಮಾಡೋಣ ಅಂದೆ. ನಾಳೆ ಟೆಸ್ಟ್ ಇತ್ತು. ಆಮೇಲೆ ಆ ಕಡೆ ಹೋಗ್ಲೇ ಇಲ್ಲ.”

“ಅದನ್ನೆಲ್ಲ ಬರೆಯೋದಾ?”

“ಬರೀರಿ. ನನ್ನನ್ನ ಒಳ್ಳೇವಳು ಮಾಡಿ ಏನ್ ಸಿಗುತ್ತೆ ನಿಮಗೆ?”

(ಕಥೆ ಸಿಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.)

೪

ತಿಥಿ ಕಳೆದ ಮೇಲೆ ಅವರು ರಂಜಿತಳ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಪೆದ್ದಪ್ಪ ಬ್ಯಾಂಡೇಜಿನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅವನೇ ಮಾತು ತೆಗೆದ. ರಂಜಿತ ಬೆರಳದ್ದಿ ಮೂಸಿದ್ದು, ಅಂದ ಮಾತು, ಒಂದೂ ಬಿಡದೆ ಹೇಳಿದ.

“ನೀವ್ ಹೇಳ್ಕೊಟ್ಟಿದ್ದು ಒಂದೂ ಮರ್ತಿರ್ಲಿಲ್ಲ ಮೇಡಂ ನಮ್ಮುಡುಗಿ.”

ಅವನ ದನಿಯಲ್ಲಿ ಹೆಮ್ಮೆಯಿತ್ತು. ಶಾಮಲಮ್ಮ ಕೂತಲ್ಲೇ ಮುದುಡಿದರು. ಆಮೇಲೆ ರಂಜಿತಳ ತಾಯಿ ಆದಿಲಕ್ಷ್ಮಮ್ಮನ ಕಡೆ ತಿರುಗಿ ಎಲ್ಲವನ್ನೂ ಹೇಳಿದರು: ತಟ್ಟೆ, ಕಡ್ಡಿ, ಬೆಲ್ಲು, ಹೇಳದೆ ಉಳಿಸಿದ ಅರ್ಧ ಪಾಠ. “ನನ್ನಿಂದ ಆಯ್ತಮ್ಮ” ಎಂದರು.

ಆದಿಲಕ್ಷ್ಮಮ್ಮ ಅಲ್ಲವೆಂದು ತಲೆಯಾಡಿಸಿದಳು.

“ಅವ್ಳು ನಮ್ ಹೊಲದಾಗೇ ಇದ್ಳು ಮೇಡಂ, ಕಾಯಿ ಬಿಡಿಸ್ತಾ. ಎಲ್ರೂ ತುಂಬ್ಕೊಂಡ್ ಹೋಗ್ತಾವ್ರೆ, ನೀನೂ ಹೋಗೇ ಅಂತ ಕೊಡ ಕೊಟ್ ಕಳ್ಸಿದ್ದು ನಾನು.”

ಪೆದ್ದಪ್ಪ ತಲೆಯೆತ್ತಿ ಅತ್ತಿಗೆಯನ್ನು ನೋಡಿದ. ಅವನಿಗೂ ಅದು ಗೊತ್ತಿರಲಿಲ್ಲ.

(ಇಬ್ಬರೂ ತಬ್ಬಿಕೊಂಡು ಅತ್ತರು ಎಂದು ಬರೆದರೆ ನಿಮಗೂ ನನಗೂ ಹಗುರವಾಗುತ್ತಿತ್ತು. ಅವರು ತಬ್ಬಿಕೊಳ್ಳಲಿಲ್ಲ. ನಾವು ಎದ್ದು ಬಂದೆವು.)

೫, ಅಥವಾ ಇಲ್ಲಿಗೇ ಸಾಕೇನೋ

ರಂಜಿತಳ ತಂಗಿ ಶ್ವೇತ ಈ ವರ್ಷ ಹತ್ತನೇ ಕ್ಲಾಸು. ಕಚ್ಚಾ ತೈಲದ ಪಾಠ ಹೋದ ಸೋಮವಾರ ಬಂತು. ಅದನ್ನು ಬೇರೆಯವರಿಗೆ ಒಪ್ಪಿಸುತ್ತೇನೆ ಎಂದು ಹೆಡ್‌ಮಾಸ್ಟರ್ ಅಂದರೂ ಶಾಮಲಮ್ಮ ಒಪ್ಪಲಿಲ್ಲ. ಈ ಸಲ ಆವಿಯಿಂದಲೇ ಶುರು ಮಾಡಿದರಂತೆ. ಪಕ್ಕದ ಕ್ಲಾಸಿನಲ್ಲಿದ್ದ ನನಗೆ ಅವರ ದನಿ ಕೇಳುತ್ತಿತ್ತು. ಒಂದು ಕಡೆ ಅದು ನಿಂತಿತು. ಶ್ವೇತ ಕೈ ಎತ್ತಿದ್ದಳಂತೆ.

ಅವಳು ಏನು ಕೇಳಿದಳೆಂದು ಮೇಡಂ ನನಗೆ ಹೇಳಿಲ್ಲ. ಮಕ್ಕಳೂ ಹೇಳುತ್ತಿಲ್ಲ. ಮೂರು ಬಗೆಯ ಪ್ರಶ್ನೆ ಬರೆದು ನೋಡಿದೆ, ಮೂರನ್ನೂ ಹೊಡೆದು ಹಾಕಿದೆ. ಅದು ಆ ಹುಡುಗಿಯ ಪ್ರಶ್ನೆ, ನನ್ನದಲ್ಲ. ನನಗೆ ಗೊತ್ತಿರುವುದು ಇಷ್ಟೇ: ಬೆಲ್ ಹೊಡೆಯಿತು, ಮೇಡಂ ದನಿ ಮತ್ತೆ ಶುರುವಾಯಿತು, ಆ ಕ್ಲಾಸಿನಿಂದ ಯಾರೂ ಹೊರಗೆ ಬರಲಿಲ್ಲ.