ಈ ಗಂಟೆಗೆ ಯಾರೂ ದುಡ್ಡು ಕೊಟ್ಟಿಲ್ಲ

ಕೊಲ್ಲಿಯ ನೀಲಿಕಲ್ಲು ಎಂಬ ಚಿಪ್ಪುಮೀನು ತಿನ್ನಬಾರದು ಎಂದು ಈ ಸಲವೂ ನೋಟೀಸು ಬಂತು. ಈ ಸಲವೂ ಊರಲ್ಲಿ ಯಾರೂ ನಂಬಲಿಲ್ಲ.

ಸಮಾರ್ ದ್ವೀಪದ ತಿನಂಬಾಗನ್ ಎಂಬ ಈ ಊರಲ್ಲಿ ಅರ್ಧ ಜನ ಬದುಕುವುದೇ ನೀಲಿಕಲ್ಲಿನ ಮೇಲೆ. ಕೊಲ್ಲಿಯ ನೀರಲ್ಲಿ ಬಿದಿರು ಗಳ ನೆಡುತ್ತಾರೆ. ಅದಕ್ಕೆ ಅಂಟಿಕೊಂಡು ಬೆಳೆದ ಚಿಪ್ಪನ್ನು ಕಿತ್ತು ಮಾರುತ್ತಾರೆ, ಉಳಿದದ್ದನ್ನು ಶುಂಠಿ ಹಾಕಿ ಕುದಿಸಿ ತಾವು ತಿನ್ನುತ್ತಾರೆ. ಒಮ್ಮೊಮ್ಮೆ ನೀರಿಗೆ ಕೆಂಪು ಪಾಚಿಯ ವಿಷ ಸೇರುತ್ತದೆ. ಆಗ ಸರ್ಕಾರದವರು ಮಾದರಿ ಒಯ್ದು ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಯಾರೂ ಕೀಳಬೇಡಿ, ತಿನ್ನಬೇಡಿ ಎಂದು ಹೇಳುತ್ತಾರೆ. ಹಾಗೆ ಹೇಳುವ ಕೆಲಸ ಬೀಳುವುದು ರುಫಿನಾಳ ಪಾಲಿಗೆ.

ರುಫಿನಾ ಊರಿನ ರೇಡಿಯೊದಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಳಗಿನ ಸಂದರ್ಶನ ನಡೆಸುತ್ತಾಳೆ. ಸೋಮವಾರ ಆರೋಗ್ಯ, ಬುಧವಾರ ರಾಜಕೀಯ, ಶುಕ್ರವಾರ ಕಾಡು ಕಡಲಿನ ವಿಚಾರ. ಸೊಳ್ಳೆ ಬಗ್ಗೆ ಎಷ್ಟು ಸಲ ಕೇಳಿದ್ದಾಳೋ ಅವಳಿಗೇ ಲೆಕ್ಕ ಸಿಗದು. ಈ ನಡುವೆ ಮೈಕಿನ ಮುಂದೆ ಕೂತರೆ ಮೊದಲು ಬರುವುದು ಆಕಳಿಕೆ.

ಗುರುವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದಾಗ ಒಣಮೀನಿನ ಹೆಂಗಸು ಸೊಪ್ಪು ಹೆಚ್ಚಿದಷ್ಟು ಸಲೀಸಾಗಿ ಊರ ಸುದ್ದಿಯನ್ನೆಲ್ಲ ಅವಳ ಮುಂದಿಟ್ಟಳು. ಕೆಂಪು ಪಾಚಿ ಅನ್ನೋದೆಲ್ಲ ಸುಳ್ಳಂತೆ. ಮೇಯರ್ ಸ್ಥಾನಕ್ಕೆ ನಿಂತವರಲ್ಲಿ ಒಬ್ಬನಿಗೆ ಕೋಳಿ ಸಾಕಣೆ ಇದೆಯಂತೆ, ಜನ ನೀಲಿಕಲ್ಲು ಬಿಟ್ಟು ಕೋಳಿ ತಿನ್ನಲಿ ಅಂತ ಅವನೇ ರೇಡಿಯೊಗೆ ದುಡ್ಡು ಕೊಟ್ಟು ಹೇಳಿಸ್ತಿದ್ದಾನಂತೆ. ಅಷ್ಟು ಹೇಳಿ ಅವಳು ರುಫಿನಾಳ ಮುಖ ನೋಡಿದಳು. ರುಫಿನಾ ಮೀನು ಕಟ್ಟಿಸಿಕೊಂಡು ಬಂದಳು. ಆ ಅನುಮಾನಕ್ಕೆ ಕಾರಣ ಇತ್ತು.

ಚುನಾವಣೆ ಹತ್ತಿರ ಬಂದರೆ ಇಲ್ಲಿ ರೇಡಿಯೊದ ಗಂಟೆಗಳು ಬಿಕರಿಯಾಗುತ್ತವೆ. ದುಡ್ಡು ಕಟ್ಟಿದವರು ತಮಗೆ ಬೇಕಾದ ಪ್ರಶ್ನೆ ಬರೆದುಕೊಡುತ್ತಾರೆ, ಉತ್ತರವನ್ನೂ ಬರೆದುಕೊಡುತ್ತಾರೆ. ಹೋದ ಸಲ ಮೇಯರ್ ಕಡೆಯವರು ಕಟ್ಟಿದ ಗಂಟೆಯಲ್ಲಿ ರುಫಿನಾಳೇ ಕೂತು, ಇನ್ನೂ ಕಟ್ಟದ ಸೇತುವೆಯ ಬಗ್ಗೆ ಸಂದರ್ಶನ ಮಾಡಿದ್ದಳು. ಅದು ಕೊಂಡ ಗಂಟೆ ಎಂದು ಒಂದು ಮಾತೂ ಹೇಳಿರಲಿಲ್ಲ. ಸೊಳ್ಳೆಯ ಬಗ್ಗೆ ಮಾತಾಡಿದ್ದು, ಸೇತುವೆಯ ಬಗ್ಗೆ ಮಾತಾಡಿದ್ದು, ಎರಡೂ ಒಂದೇ ದನಿಯಲ್ಲಿ.

ಸಂಜೆ ಅಕ್ಕನ ಮನೆಗೆ ಹೋದಳು. ಅಕ್ಕ ಸಾಲುದ್‌ಳ ಮನೆ ನೀರಿನ ಮೇಲೆ, ಬಿದಿರು ಕಂಬಗಳ ಮೇಲೆ ನಿಂತಿದೆ. ಶನಿವಾರ ಅವರ ತೀರಿಹೋದ ತಾಯಿಯ ವರ್ಷದ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೆ ಕೇರಿಯವರಿಗೆಲ್ಲ ಊಟ. ಮಕ್ಕಳು ಮರಿ ಸೇರಿ ಐವತ್ತು ಎಲೆಯಾದರೂ ಆಗುತ್ತದೆ. ಜಗಲಿಯಲ್ಲಿ ಎರಡು ಗೋಣಿ ನೀಲಿಕಲ್ಲು ಒದ್ದೆ ಬಟ್ಟೆ ಹೊದ್ದು ಕೂತಿದ್ದವು. ರುಫಿನಾ ಬಟ್ಟೆ ಸರಿಸಿ ನೋಡಿದಳು.

"ಮಾನಾ, ಇದನ್ನ ಬಡಿಸಬೇಡ" ಎಂದಳು. ಇಲ್ಲಿ ಅಕ್ಕನನ್ನು ಕರೆಯುವುದು ಹಾಗೆಯೇ, ಮಾನಾ ಎಂದು.

ಸಾಲುದ್ ಶುಂಠಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಚಾಕುವಿನ ತುದಿಯಿಂದ ಕೊಲ್ಲಿಯ ಕಡೆ ತೋರಿಸಿದಳು. ನೀರು ಎಂದಿನ ಹಾಗೆ ಹಸಿರಾಗಿತ್ತು. ಕೆಂಪು ಎಲ್ಲಿದೆ ಅಂತ ಕೇಳಿದಳು. ಇದ್ದರೂ ವಿನಿಗರ್ ಸುರಿದು ಚೆನ್ನಾಗಿ ಕುದಿಸಿದರೆ ಯಾವ ವಿಷ ನಿಲ್ಲುತ್ತೆ ಅಂದಳು. ಅವ್ವ ಮಾಡಿದ್ದು ಹಾಗೇ, ಅಜ್ಜಿ ಮಾಡಿದ್ದು ಹಾಗೇ, ನಾವಿಬ್ಬರೂ ಸತ್ತಿಲ್ಲವಲ್ಲ.

ರುಫಿನಾ ಹೇಳಿದ್ದನ್ನೇ ಮತ್ತೆ ಹೇಳಿದಳು. ರೇಡಿಯೊದಲ್ಲಿ ಮೂರು ದಿನದಿಂದ ಹೇಳುತ್ತಿದ್ದೇನಲ್ಲ, ನನ್ನ ಮಾತಿನ ಮೇಲೂ ನಂಬಿಕೆ ಇಲ್ಲವೇ ಎಂದು ಕೇಳಿದಳು.

ಆಗ ಸಾಲುದ್ ಚಾಕು ಕೆಳಗಿಟ್ಟಳು. "ಪಿನಾ, ನೀನು ನನ್ನ ತಂಗಿ. ಮನೇಲಿ ನೀನು ಹೇಳಿದ್ದು ನಂಬ್ತೀನಿ. ಆದ್ರೆ ಆ ಪೆಟ್ಟಿಗೇಲಿ ಯಾವುದು ನಿನ್ ಮಾತು, ಯಾವುದು ಕೊಂಡ್ಕೊಂಡಿರೋ ಮಾತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಆ ಸೇತುವೆ ಆಗುತ್ತೆ ಅಂತ ನಾನು ಅಳಿಯನಿಗೆ ಆಚೆ ದಡದಲ್ಲಿ ಅಂಗಡಿ ಹಾಕ್ಸಿದೆ. ಗೊತ್ತಾ ನಿಂಗೆ?"

ರುಫಿನಾಳಿಗೆ ಗೊತ್ತಿರಲಿಲ್ಲ. ಅಂಗಡಿ ಮುಚ್ಚಿದ್ದು ಗೊತ್ತಿತ್ತು, ಯಾಕೆ ಹಾಕಿದ್ದು ಅಂತ ಕೇಳಿರಲಿಲ್ಲ. ದಿನಾ ಊರವರಿಗೆಲ್ಲ ಪ್ರಶ್ನೆ ಕೇಳುವವಳು ಸ್ವಂತ ಅಕ್ಕನನ್ನು ಕೇಳಿರಲಿಲ್ಲ. ನಾಚಿಕೆಯಾಯಿತು.

ಶುಕ್ರವಾರ ಬೆಳಿಗ್ಗೆ ಸಂದರ್ಶನಕ್ಕೆ ಬಂದವರು ಆರೋಗ್ಯ ಕೇಂದ್ರದ ನರ್ಸ್ ಅರಾಸೆಲಿ. ಅವರೂ ದಣಿದಿದ್ದರು. ಹಿಂದಿನ ದಿನವೆಲ್ಲ ಮನೆಮನೆ ತಿರುಗಿ ಬೈಸಿಕೊಂಡು ಬಂದಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಕಾಫಿ ಕುಡಿದು, ಮೈಕಿನ ಮುಂದೆ ಕೂತರು.

ಪ್ರಸಾರದ ದೀಪ ಹತ್ತಿತು. ರುಫಿನಾ ಮುಂದಿದ್ದ ಹಾಳೆಯನ್ನು ಪಕ್ಕಕ್ಕೆ ತಳ್ಳಿದಳು.

"ಈ ಗಂಟೆಗೆ ಯಾರೂ ದುಡ್ಡು ಕೊಟ್ಟಿಲ್ಲ" ಎಂದಳು. "ಕೋಳಿಯವರೂ ಕೊಟ್ಟಿಲ್ಲ, ಮೇಯರ್ ಕಡೆಯವರೂ ಕೊಟ್ಟಿಲ್ಲ. ಆದ್ರೆ ಹೋದ ಚುನಾವಣೇಲಿ ಸೇತುವೆ ವಿಚಾರ ಮಾತಾಡಿದ್ನಲ್ಲ, ಅದಕ್ಕೆ ಕೊಟ್ಟಿದ್ರು. ನಾನು ನಿಮಗೆ ಹೇಳ್ಲಿಲ್ಲ. ಅದು ತಪ್ಪು. ಅದನ್ನ ನಂಬಿ ಯಾರು ಯಾರು ಕೆಟ್ರೋ, ಅವರ ಕ್ಷಮೆ ಕೇಳ್ತೀನಿ."

ಗಾಜಿನ ಆಚೆ ರೇಡಿಯೊದ ಯಜಮಾನರು ಎದ್ದು ನಿಂತರು. ರುಫಿನಾ ಆ ಕಡೆ ನೋಡಲಿಲ್ಲ. ಕೆಲಸ ಹೋದರೆ ಹೋಗಲಿ ಅನ್ನಿಸಿತ್ತು. ಯಾರಿಗೆ ಏನು ಅನುಮಾನ ಇದೆಯೋ ಫೋನ್ ಮಾಡಿ ನೇರವಾಗಿ ಕೇಳಿ ಎಂದಳು.

ಮೊದಲ ಫೋನ್ ಸಾಲುದ್‌ಳದು. ದನಿ ಕೇಳಿದರೆ ಇಡೀ ಕೇರಿಗೆ ಗೊತ್ತಾಗುತ್ತದೆ. ಜಗಳಕ್ಕೆ ನಿಂತವಳ ಹಾಗೆ ಒಂದೊಂದೇ ಪ್ರಶ್ನೆ ಹಾಕಿದಳು. ಅರಾಸೆಲಿ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ನೀರು ಕೆಂಪಾಗದೆ ಇದ್ದರೂ ಚಿಪ್ಪಿನೊಳಗೆ ವಿಷ ಇರಬಹುದು, ಅದು ಕಣ್ಣಿಗೆ ಕಾಣದು, ರುಚಿಗೂ ತಿಳಿಯದು, ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ ಎಂದರು. ಎಷ್ಟು ಕುದಿಸಿದರೂ ಆ ವಿಷ ಸಾಯುವುದಿಲ್ಲ, ವಿನಿಗರಿಗೂ ಜಗ್ಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ತುಟಿ ನಾಲಿಗೆ ಜುಮ್ಮೆನ್ನುತ್ತದೆ, ಬೆರಳು ಮರಗಟ್ಟುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. ಮಕ್ಕಳಿಗೆ ಸ್ವಲ್ಪವೇ ಸಾಕು. ಅಜ್ಜಿಯ ಕಾಲದಲ್ಲಿ ತಿಂದದ್ದು ವಿಷ ಇಲ್ಲದ ದಿನಗಳಲ್ಲಿ, ಅದು ಅವರ ಅದೃಷ್ಟ.

"ನೀವು ಸಂಬಳ ತಗೊಳ್ಳೋರು, ಮೇಡಮ್" ಎಂದಳು ಸಾಲುದ್. "ನಿಮಗೇನು ಹೋಗುತ್ತೆ? ಹೋಗೋದು ನಮ್ಮ ಗಳ, ನಮ್ಮ ಬೆಳೆ."

ಅರಾಸೆಲಿ ಮೈಕಿನ ಹತ್ತಿರಕ್ಕೆ ಬಾಗಿದರು. "ಮಾನಾ ಸಾಲುದ್, ನಿಮ್ಮ ಗಳದ ಬಲಗಡೆ ನೀಲಿ ಹಗ್ಗ ಕಟ್ಟಿರೋ ಸಾಲು ಯಾರದ್ದು ಹೇಳಿ?"

"ದೊಮೆಂಗ್‌ದು."

"ದೊಮೆಂಗ್ ನನ್ ಗಂಡ. ಈ ತಿಂಗಳು ಕೀಳೋದಿತ್ತು. ಬೇಡ ಅಂದಿದ್ದಕ್ಕೆ ಮೂರು ದಿನದಿಂದ ನನ್ನ ಹತ್ರ ಮಾತಾಡ್ತಿಲ್ಲ. ಪರೀಕ್ಷೆಗೆ ಒಯ್ದ ಮಾದರೀಲಿ ನಮ್ಮ ಗಳದ್ದೂ ಇತ್ತು, ಮಾನಾ. ನಮ್ಮದ್ರಲ್ಲೂ ವಿಷ ಇದೆ."

ಸಾಲುದ್‌ಳ ದನಿ ಈ ಸಲ ಮೆತ್ತಗೆ ಬಂತು. ಹಾಗಾದರೆ ನಾಳೆ ಏನು ಬಡಿಸಲಿ ಎಂದು ಕೇಳಿದಳು. ತಾಜಾ ಮೀನು ಆಗಬಹುದು, ಕಿವಿರು ಕರುಳು ತೆಗೆದು ಚೆನ್ನಾಗಿ ತೊಳೆದು ಬೇಯಿಸಿ, ಆದರೆ ಯಾವ ಚಿಪ್ಪುಮೀನೂ ಬೇಡ, ಸಣ್ಣ ಕೂನಿ ಸೀಗಡಿಯೂ ಬೇಡ ಎಂದರು ಅರಾಸೆಲಿ. ಗೋಣಿಯಲ್ಲಿರುವುದನ್ನು ಹಂದಿಗೂ ಹಾಕಬೇಡಿ, ಗುಂಡಿ ತೋಡಿ ಹೂತುಬಿಡಿ.

"ಪಿನಾ" ಎಂದಳು ಸಾಲುದ್. "ಬೆಳಿಗ್ಗೆ ಒಂದು ಬೋಗುಣಿ ತುಂಬಾ ಎದುರುಮನೆ ಬಸಿಲಿಸಾಗೆ ಕೊಟ್ಬಿಟ್ಟಿದ್ದೀನಿ."

ಅಷ್ಟೇ ಕೇಳಿಸಿದ್ದು. ಫೋನು ನೆಲಕ್ಕೆ ಬಿತ್ತು. ಬಿದಿರು ನೆಲದ ಮೇಲೆ ಓಡುವ ಹೆಜ್ಜೆ, ಹಲಗೆ ಸೇತುವೆಯ ಕಿರಕಿರ, ಆಮೇಲೆ ದೂರದಿಂದ ಅರವತ್ತು ವರ್ಷದ ಸಾಲುದ್‌ಳ ಕೂಗು: ಬಸಿಲಿಸಾ, ಇಳಿಸೇ, ಒಲೆಯಿಂದ ಇಳಿಸೇ, ಮಕ್ಕಳಿಗೆ ಕೊಡಬೇಡ ಕಣೇ. ಇಡೀ ಊರು ರೇಡಿಯೊದಲ್ಲಿ ಅದನ್ನು ಕೇಳಿತು. ಮಾರುಕಟ್ಟೆಯಲ್ಲಿ ತೂಕ ಹಾಕುತ್ತಿದ್ದವರು ತಕ್ಕಡಿ ಹಿಡಿದೇ ನಿಂತರಂತೆ. ಅರಾಸೆಲಿ ಕಣ್ಣು ಮುಚ್ಚಿ ಕೂತಿದ್ದರು. ಖಾಲಿ ಫೋನಿನಲ್ಲಿ ಒಂದು ಹುಂಜ ಎರಡು ಸಲ ಕೂಗಿತು. ರೇಡಿಯೊದಲ್ಲಿ ಅಷ್ಟು ಹೊತ್ತು ಮಾತಿಲ್ಲದೆ ಬಿಡಬಾರದು ಎನ್ನುವುದು ನಿಯಮ. ಯಜಮಾನರೂ ಹಾಡು ಹಾಕಲಿಲ್ಲ.

ಕೊನೆಗೆ ಹೆಜ್ಜೆ ಹತ್ತಿರ ಬಂದವು. ಸಾಲುದ್ ಏದುಸಿರು ಬಿಡುತ್ತಿದ್ದಳು.

"ಕುದೀತಿತ್ತು. ಸಮುದ್ರಕ್ಕೆ ಸುರಿದುಬಂದೆ. ಯಾರೂ ತಿಂದಿಲ್ಲ ಪಿನಾ. ತಟ್ಟೆ ಹಾಕ್ಕೊಂಡು ಕೂತಿದ್ವು ನಾಲ್ಕೂ ಮಕ್ಳು. ಯಾರೂ ತಿಂದಿಲ್ಲ."

ರುಫಿನಾ ಮೈಕಿನ ಮುಂದೆಯೇ ಅತ್ತಳು.

ಓದುವವರೇ, ಕೇಳುವವರೇ, ನಿಮ್ಮೂರಲ್ಲೂ ರೇಡಿಯೊ ಇದೆ, ನಿಮ್ಮೂರಲ್ಲೂ ಚುನಾವಣೆ ಬರುತ್ತದೆ. ಯಾರಾದರೂ ಮಾತಾಡಿದರೆ ಮೊದಲು ಕೇಳಿ: ಈ ಮಾತಿಗೆ ದುಡ್ಡು ಕೊಟ್ಟವರು ಯಾರು, ಇದನ್ನು ಪರೀಕ್ಷೆ ಮಾಡಿದವರು ಯಾರು? ಕೇಳುವುದಕ್ಕೆ ಸಂಕೋಚ ಬೇಡ, ಉತ್ತರ ಹೇಳುವುದೇ ಅವರ ಕೆಲಸ. ಆದರೆ ಸರಿಯಾದ ಉತ್ತರ ಸಿಕ್ಕಿದ ಮೇಲೆ ಹಟ ಮಾಡಬೇಡಿ. ಚಿಪ್ಪುಮೀನು ತಿನ್ನಬಾರದು ಎಂದು ನೋಟೀಸು ಬಂದರೆ, ಅದನ್ನು ತೆಗೆದೆವು ಎನ್ನುವವರೆಗೆ ಮುಟ್ಟಬೇಡಿ. ತಿಂದು ತುಟಿ ಜುಮ್ಮೆಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ. ಅಕ್ಕಪಕ್ಕದ ಮನೆಗೆ ಕೊಟ್ಟಿದ್ದರೆ ಮೊದಲು ಅಲ್ಲಿಗೆ ಓಡಿ.