ಮೂರೂವರೆ ಕಿಲೋ ಎಣ್ಣೆ

ಅತ್ತಿಗೆ ನಮ್ಮ ಮನೆಗೆ ಬಂದ ಕಾಲಕ್ಕೆ ಅಮ್ಮ ಇನ್ನೂ ಸಾಬೂನು ಮಾಡಿ ಮಾರುತ್ತಿದ್ದಳು. ಹಿಂದಿನ ಕೋಣೆಯಲ್ಲಿ ದೊಡ್ಡ ಪಾತ್ರೆ, ಮರದ ಅಚ್ಚುಗಳು, ಕಿಟಕಿಯ ಪಕ್ಕ ಒಣಗಲಿಟ್ಟ ಬಿಲ್ಲೆಗಳು. ಆ ವಾಸನೆ ನಮ್ಮ ದಿಂಬಿಗೂ ಶಾಲೆಯ ಚೀಲಕ್ಕೂ ಅಂಟಿರುತ್ತಿತ್ತು. ಗೆಳತಿಯರು ನನ್ನನ್ನು 'ಸೋಪಮ್ಮ' ಎನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಹಾಗೆ ಕರೆಯಬಾರದೇ ಅನ್ನಿಸುತ್ತದೆ.

ಹತ್ತು ಕಿಲೋ ತೆಂಗಿನೆಣ್ಣೆಗೆ ಇಷ್ಟು ಕಾಸ್ಟಿಕ್ ಸೋಡಾ ಎಂದು ಅಜ್ಜಿ ಹೇಳಿಕೊಟ್ಟ ಒಂದೇ ಅಳತೆ ಅಮ್ಮನದು. ಒಮ್ಮೆ ತೆಂಗಿನೆಣ್ಣೆ ಸಿಗದೆ ಕಡಲೆಕಾಯಿ ಎಣ್ಣೆ ತಂದಳು. ಸೋಡಾ ಮಾತ್ರ ಹಳೆಯ ಅಳತೆಯಲ್ಲೇ ಸುರಿದಳು. ಬಿಲ್ಲೆಗಳೇನೋ ಚೆನ್ನಾಗಿಯೇ ಬಂದವು. ಆದರೆ ಅದರಲ್ಲಿ ಪಾತ್ರೆ ತೊಳೆದ ಅಮ್ಮನ ಅಂಗೈ ಕೆಂಪಗೆ ಸುಟ್ಟಿತು. ಎಣ್ಣೆಯವನು ಕಲಬೆರಕೆ ಮಾಡಿದ್ದಾನೆಂದು ಶಪಿಸುತ್ತ ಎಲ್ಲವನ್ನೂ ಎಸೆಯಲು ಹೊರಟಳು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದಳು: "ಎಣ್ಣೆ ಕೆಟ್ಟಿಲ್ಲ ಅತ್ತೆ. ಒಂದೊಂದು ಎಣ್ಣೆಗೆ ಒಂದೊಂದು ಹೊಟ್ಟೆ. ತೆಂಗಿನೆಣ್ಣೆ ಕುಡಿಯೋಷ್ಟು ಸೋಡಾ ಇದು ಕುಡಿಯಲ್ಲ. ಮಿಕ್ಕಿದ್ದು ಸೋಪಲ್ಲೇ ಉಳ್ಕೊಂಡು ಕೈ ಸುಡ್ತಿದೆ."

"ನೀನು ಹುಟ್ಟೋಕ್ಮುಂಚೆಯಿಂದ ಸೋಪು ಮಾಡ್ತಿದ್ದೀನಿ ಕಣೇ," ಎಂದು ಅಮ್ಮ ಮುಖ ತಿರುಗಿಸಿದಳು. ಆದರೂ ಬಿಲ್ಲೆಗಳನ್ನು ಆ ರಾತ್ರಿ ಎಸೆಯಲಿಲ್ಲ.

ಬೆಳಿಗ್ಗೆ ಅಮ್ಮ ಒಲೆಯ ಕಡೆಗೇ ನೋಡುತ್ತ ಕೇಳಿದಳು: "ಅದೇನೋ ಹೊಟ್ಟೆ ಅಂದ್ಯಲ್ಲ, ಎಷ್ಟು ಹಿಡಿಯುತ್ತೆ?"

ಅತ್ತಿಗೆ ಸೀಮೆಸುಣ್ಣ ಹಿಡಿದು ನೆಲದ ಮೇಲೇ ಲೆಕ್ಕ ಹಾಕಿದಳು. ಹತ್ತು ಕಿಲೋ ಕಡಲೆಕಾಯಿ ಎಣ್ಣೆಗೆ ಬೇಕಾದದ್ದು ಒಂದು ಕಿಲೋ ಮುನ್ನೂರರವತ್ತು ಗ್ರಾಂ ಸೋಡಾ. ಬಿದ್ದದ್ದು ಅದಕ್ಕಿಂತ ಹೆಚ್ಚುಕಡಿಮೆ ಅರ್ಧ ಕಿಲೋ ಜಾಸ್ತಿ. "ಎಸೆಯೋದೇನೂ ಬೇಡ ಅತ್ತೆ. ಇನ್ನೂ ಮೂರೂವರೆ ಕಿಲೋ ಎಣ್ಣೆ ಸೇರಿಸಿದ್ರೆ ಉಳಿದಿರೋ ಸೋಡಾನೂ ಸೋಪಾಗುತ್ತೆ. ಕೈಗೆ ಮೆತ್ತಗಿರ್ಲಿ ಅಂತ ಒಂದು ಲೋಟ ಜಾಸ್ತಿ ಹಾಕೋಣ."

ಮಧ್ಯಾಹ್ನವೆಲ್ಲ ಮೂವರೂ ಕೈಗವಸು ತೊಟ್ಟು ಬಿಲ್ಲೆ ತುರಿದೆವು. ತುರಿಯುತ್ತ ತುರಿಯುತ್ತ ಅಮ್ಮನ ಬಿಗುಮಾನವೂ ಸಡಿಲವಾಯಿತು. ಶಾಲೆಯಲ್ಲಿ ಬಾಯಿಲೆಕ್ಕಕ್ಕೆ ತಾನೇ ಮುಂದಿದ್ದೆನೆಂದೂ, ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡಿಸಿದರೆಂದೂ ಹೇಳಿದಳು. ಅದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅತ್ತಿಗೆಯ ಕಣ್ಣು ತುಂಬಿದ್ದು ಕಂಡು ಅಮ್ಮ ಮಾತು ಹೊರಳಿಸಿದಳು: "ಎಣ್ಣೆ ಹೊಟ್ಟೆ ಲೆಕ್ಕ ಹಾಕಿದೆ, ಸರಿ. ನಿನ್ನ ಗಂಡನ ಹೊಟ್ಟೆ ಯಾವ ಲೆಕ್ಕಕ್ಕೂ ಸಿಗಲ್ಲ, ನೋಡ್ತಿರು." ನಾವು ನಕ್ಕೂ ನಕ್ಕೂ ಸುಸ್ತಾದೆವು.

ತುರಿಯನ್ನು ನೀರು ಹಾಕಿ ಕರಗಿಸಿ, ಎಣ್ಣೆ ಬೆರೆಸಿ, ಮತ್ತೆ ಅಚ್ಚಿಗೆ ಸುರಿದೆವು. ಒಣಗಿದ ಮೇಲೆ ಅಮ್ಮ ಒಂದು ಬಿಲ್ಲೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು. ಸೋಡಾ ಉಳಿದಿದ್ದರೆ ಚುರ್ ಅನ್ನಬೇಕು. ಅನ್ನಲಿಲ್ಲ. ನೇರ ಹೋಗಿ ಅದರಲ್ಲೇ ಮುಖ ತೊಳೆದಳು. ಸಂಜೆ ಸಾಬೂನು ಕೊಳ್ಳಲು ಬಂದ ದರ್ಜಿಯ ಹೆಂಡತಿಗೆ, ಇದು ನಮ್ಮ ಸೊಸೆಯ ಲೆಕ್ಕದ ಸೋಪು ಎಂದು ಹೆಮ್ಮೆಯಿಂದ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಅಮ್ಮ ಹೋಗಿ ವರ್ಷಗಳಾದವು. ಆ ಕೋಣೆಯಲ್ಲೀಗ ಹಳೆಯ ಸೈಕಲ್ಲು, ಕಾಲು ಮುರಿದ ಕುರ್ಚಿಗಳು. ನಾನೂ ಅತ್ತಿಗೆಯೂ ಎಲ್ಲರಂತೆ ಅಂಗಡಿಯ ಸಾಬೂನೇ ತರುತ್ತೇವೆ. ಆ ಮಧ್ಯಾಹ್ನದ ಮಾತೆತ್ತಿದರೆ ಸಾಕು, ತಾನು ನಿಜವಾಗಿ ಈ ಮನೆಯವಳಾದದ್ದು ಅವತ್ತೇ ಎನ್ನುತ್ತಾಳೆ ಅತ್ತಿಗೆ.