ಕಂದಾಯ ಕಟ್ಟಲು ಹಟ ಹಿಡಿದ ದೊಡ್ಡಮ್ಮ

ಮನೆ ಅಳೆಯುವ ಸಾಹೇಬರು ಬರುತ್ತಾರೆಂದು ಸುದ್ದಿಯಾದರೆ ಸಾಕು, ನಮ್ಮೂರಿನ ಮನೆಗಳೆಲ್ಲ ಒಂದೇ ದಿನದಲ್ಲಿ ಕುಗ್ಗಿಬಿಡುತ್ತವೆ. ನಿನ್ನೆಯವರೆಗೆ ಮಲಗುವ ಕೋಣೆಯಾಗಿದ್ದದ್ದು ಇವತ್ತು ಮೇವಿನ ಕೋಣೆ. ನಿನ್ನೆ ಟೀವಿ ಇದ್ದ ಜಾಗದಲ್ಲಿ ಇವತ್ತು ಹಸು. ದನ ಕಟ್ಟುವ, ಹುಲ್ಲು ಒಟ್ಟುವ ಜಾಗಕ್ಕೆ ಮನೆ ಕಂದಾಯ ಇಲ್ಲ ಎಂಬ ಒಂದು ಸಾಲು ನಿಯಮದ ಪುಸ್ತಕದಲ್ಲಿದೆ. ಆ ಸಾಲನ್ನು ಹುಡುಕಿ ಊರಿಗೆಲ್ಲ ಓದಿ ಹೇಳಿದವಳು ನಾನು. ಕೊಚ್ಚಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ನನ್ನ ಮನೆ ಊರ ಕಚೇರಿಗೆ ಅಂಟಿಕೊಂಡೇ ಇದೆ. ಹಿಂದಿನ ಕೋಣೆಯಲ್ಲಿ ಎರಡು ಮಷೀನು ಹಾಕಿಕೊಂಡಿದ್ದೇನೆ. ಕಚೇರಿಯ ದಾಖಲೆಯಲ್ಲಿ ಮಾತ್ರ ಅದು ಹುಲ್ಲಿನ ಕೋಣೆ. ಅರ್ಜಿ ಬರೆಯಬೇಕಾದರೆ, ಯಾವ ಕಾಗದಕ್ಕೆ ಎಲ್ಲಿ ಸಹಿ ಎಂದು ಕೇಳಬೇಕಾದರೆ ಜನ ಗುಮಾಸ್ತೆಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ಹೀಗಾಗಿ ನನಗೆ ಸ್ವಲ್ಪ ಜಂಭ ಇತ್ತು. ಸ್ವಲ್ಪ ಅಲ್ಲ, ಸಾಕಷ್ಟೇ ಇತ್ತು.

ಇನ್ನು ದೊಡ್ಡಮ್ಮ. ನನ್ನ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ನಲವತ್ತು ವರ್ಷ ಪಟ್ಟಣದ ಮನೆಗಳಲ್ಲಿ ಅಡಿಗೆ ಮಾಡಿಕೊಂಡು, ಅವರದೇ ಉಗ್ರಾಣದಲ್ಲೋ ಮೆಟ್ಟಿಲ ಕೆಳಗೋ ಹಾಸಿಗೆ ಬಿಡಿಸಿಕೊಂಡು ಕಾಲ ಕಳೆದವಳು. ಮೂರು ವರ್ಷದ ಕೆಳಗೆ ಒಂದು ಟ್ರಂಕು ಹಿಡಿದು ಊರಿಗೆ ಬಂದು, ಹಾಲಿನವನಿಗೆ ಬೇಡವಾಗಿದ್ದ ಹಳೇ ಕೊಟ್ಟಿಗೆಯನ್ನು ಕೊಂಡುಕೊಂಡಳು. ನಾವೆಲ್ಲ ನಕ್ಕೆವು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನೆಲಕ್ಕೆ ಗಾರೆ ಹಾಕಿಸಿದಳು, ಗೋಡೆ ಒಡೆಸಿ ಎರಡು ಕಿಟಕಿ ಇಡಿಸಿದಳು, ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದಳು. ಒಲೆಯ ಕಟ್ಟೆ ಕಟ್ಟುವಾಗ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ, ತಾನೇ ಗೋಡೆಗೆ ಒರಗಿ ನಿಂತು, ಸೊಂಟದ ಮಟ್ಟಕ್ಕೆ ಕೈಯಿಟ್ಟು, "ಇಲ್ಲಿಗೆ ಗುರುತು ಹಾಕಪ್ಪ" ಅಂದಳಂತೆ. ದೊಡ್ಡಮ್ಮ ಕುಳ್ಳಿ. ಅಲ್ಲಿಯವರೆಗೂ ಅಡಿಗೆ ಮಾಡಿದ್ದೆಲ್ಲ ಮಣೆಯ ಮೇಲೆ ನಿಂತೇ.

ಮನೆ ಮುಗಿದ ವಾರವೇ ಅವಳು ಕಚೇರಿಯ ಕಿಟಕಿಗೆ ಹೋಗಿ, "ನನ್ನ ಮನೆ ಕಂದಾಯ ಕಟ್ಟಬೇಕು" ಅಂದಳು. ಗುಮಾಸ್ತೆ ಪುಸ್ತಕ ತಿರುವಿಹಾಕಿ, "ನಿಮ್ಮದು ಕೊಟ್ಟಿಗೆ ಅಂತಿದೆ ಅಮ್ಮ. ಕೊಟ್ಟಿಗೆಗೆ ಕಂದಾಯ ಇಲ್ಲ" ಅಂದಳು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡಿಕೊಂಡು ಮನೆಗೆ ಬರುತ್ತಿದ್ದರು. ದೊಡ್ಡಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. ಮತ್ತೆರಡು ಸಲ ಹೋದಳು. ಕೊನೆಗೆ ಗುಮಾಸ್ತೆಯೇ ಮರುಗಿ ದಾರಿ ಹೇಳಿಕೊಟ್ಟಳು: ಅರ್ಜಿ ಕೊಡಿ, ಅಳೆಯುವ ಸಾಹೇಬರು ಬಂದು ನೋಡುತ್ತಾರೆ, ಅಡಿಗೆಯ ಜಾಗ, ಮಲಗುವ ಜಾಗ, ಬೀಗ ಹಾಕುವ ಬಾಗಿಲು ಮೂರೂ ಇದ್ದರೆ ಮನೆ ಎಂದು ಬರೆಯುತ್ತಾರೆ, ಆಮೇಲೆ ನಂಬರು ಬರುತ್ತದೆ, ಕಂದಾಯದ ಚೀಟಿ ಬರುತ್ತದೆ, ಅದನ್ನು ಹಿಡಿದು ಈ ಕಿಟಕಿಗೆ ಬನ್ನಿ. ಸಾಹೇಬರು ಬರುವುದು ಮಾತ್ರ ಐದು ವರ್ಷಕ್ಕೊಮ್ಮೆ.

"ಈ ಸಲ ತಪ್ಪಿದ್ರೆ ನನಗೆ ಎಪ್ಪತ್ಮೂರು ಆಗಿರುತ್ತೆ ಕಣೇ" ಅಂದಳು ನನ್ನ ಹತ್ತಿರ.

"ತಪ್ಪಿದ್ರೆ ಒಳ್ಳೇದೇ ಆಯ್ತಲ್ಲ ದೊಡ್ಡಮ್ಮ! ಪುಗಸಟ್ಟೆ ಸಿಕ್ಕಿದ್ದನ್ನ ಯಾರಾದ್ರೂ ಬೇಡ ಅಂತಾರಾ?"

"ನಾನು ಅಂತೀನಿ" ಅಂದು ಎದ್ದುಹೋದಳು.

ಪಾಪ, ಅಡಿಗೆಮನೆ ಬಿಟ್ಟು ಲೋಕ ಕಂಡವಳಲ್ಲ, ಅವಳಿಗೇನು ಗೊತ್ತು ಅಂದುಕೊಂಡೆ. ಅವಳಿಗೆ ಬುದ್ಧಿ ಹೇಳುವುದಕ್ಕಿಂತ ಅವಳ ಪಾಲಿನ ಬುದ್ಧಿಯನ್ನೂ ನಾನೇ ಉಪಯೋಗಿಸುವುದು ಸುಲಭ ಅನ್ನಿಸಿತು.

ಸಾಹೇಬರು ಬರುವ ದಿನ ಬೆಳಿಗ್ಗೆ ದೊಡ್ಡಮ್ಮ ಒಗೆದ ಸೀರೆ ಉಟ್ಟು, ಅವರನ್ನು ತಾನೇ ಕರೆತರುತ್ತೇನೆಂದು ಬಸ್ ನಿಲ್ದಾಣಕ್ಕೆ ಹೊರಟಳು. "ಮನೆ ನೋಡ್ಕೊಂಡಿರು" ಎಂದು ಬೀಗದ ಕೈ ನನಗೆ ಕೊಟ್ಟಳು. ಅವಳು ತಿರುವು ದಾಟಿದ್ದೇ ತಡ, ನಾನು ಹಾಲಿನವನನ್ನೂ ಕಟಿಂಗ್ ಶಾಪಿನವನನ್ನೂ ಅವನ ಹೆಂಡತಿಯನ್ನೂ ಕೂಗಿದೆ. ನಾಲ್ಕು ಜನ ಒಂದು ಗಂಟೆಯಲ್ಲಿ ಮಾಡಿದ ಕೆಲಸ ನೋಡಿದರೆ ನೀವೂ ಭಲೇ ಅನ್ನುತ್ತಿದ್ದಿರಿ. ಹಸಿರು ಬಾಗಿಲನ್ನು ಕೀಲಿನಿಂದ ಎತ್ತಿ ಹಿತ್ತಿಲಲ್ಲಿ ಒರಗಿಸಿದೆವು. ಪಾತ್ರೆಗಳು ಟ್ರಂಕಿಗೆ ಹೋದವು, ಮಂಚ ನೆಟ್ಟಗೆ ಗೋಡೆಗೆ ನಿಂತಿತು. ನನ್ನ ಹಿಂದಿನ ಕೋಣೆಯಲ್ಲಿ ತೋರಿಕೆಗೆಂದು ಆಗಲೇ ಪೇರಿಸಿದ್ದ ಹುಲ್ಲನ್ನೆಲ್ಲ ಹೊತ್ತು ತಂದು ಒಲೆಯ ಕಟ್ಟೆ ಮುಚ್ಚುವಷ್ಟು ಒಟ್ಟಿದೆವು. ನನ್ನ ಮನೆಯ ಸರದಿ ಬರುವಷ್ಟರಲ್ಲಿ ವಾಪಸು ಸಾಗಿಸಿದರಾಯಿತು ಎಂದು ಲೆಕ್ಕ. ಕೊನೆಗೆ ಹಾಲಿನವನ ಹಸು ಬಂತು. ಅವನ ನಾಲ್ಕು ಹಸುಗಳಲ್ಲಿ ಹಣೆಯ ಮೇಲೆ ಬಿಳಿ ಮಚ್ಚೆಯಿರುವ ಇದೊಂದೇ ಮನೆಯೊಳಗೆ ಬರಲು ಒಪ್ಪುತ್ತದೆ. ಅಭ್ಯಾಸ ಚೆನ್ನಾಗಿದೆ. ಬಂದು ನಡುಮನೆಯಲ್ಲಿ ಕಾಲು ಮಡಚಿ ಮಲಗಿಯೇಬಿಟ್ಟಿತು.

ದೊಡ್ಡಮ್ಮ ಸಾಹೇಬರ ಜೊತೆ ಬಂದಳು. ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದವಳು ಹೊಸ್ತಿಲಲ್ಲಿ ಗಕ್ಕನೆ ನಿಂತಳು. ನಾನು ಸಾಹೇಬರಿಗೆ ಕಾಣದ ಹಾಗೆ ಕಣ್ಣು ಹೊಡೆದೆ. ಸಾಹೇಬರು ತೆಳ್ಳಗಿನ, ಬೇಸರದ ಮುಖದ ಮನುಷ್ಯ. ಇಣುಕಿ ನೋಡಿ, ಪೆನ್ಸಿಲಿನಲ್ಲಿ ಗೀಚಿ, "ಕೊಟ್ಟಿಗೆ. ಬದಲಾವಣೆ ಇಲ್ಲ" ಅಂದರು.

ದೊಡ್ಡಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. "ಯಾರು ಮಾಡಿದ್ದು ಇದನ್ನ?"

"ನಾನೇ ದೊಡ್ಡಮ್ಮ" ಅಂದೆ ಮೆಲ್ಲಗೆ, ಬೀಗುತ್ತಾ. "ಇನ್ನೈದು ವರ್ಷ ಒಂದು ಬಿಡಿಗಾಸೂ ಬೀಳಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ನನ್ನ ಮುಖವನ್ನೂ ನೋಡದೆ ಹೇಳಿದಳು: "ಪಟ್ಟಣದಲ್ಲಿ ಜನಗಣತಿಯವರು ಬರೋರು. ಈ ಮನೇಲಿ ಎಷ್ಟು ಜನ ಅಂತ ಕೇಳೋರು. ಯಜಮಾನರು ಐದು ಅನ್ನೋರು. ನಾನು ಅಲ್ಲೇ ನೀರಿನ ಲೋಟ ಹಿಡ್ಕೊಂಡು ನಿಂತಿರ್ತಿದ್ದೆ. ಯಾವ ಮನೇಲೂ ಯಾರೂ ಆರು ಅನ್ನಲಿಲ್ಲ ಕಣೇ. ಈ ಪುಸ್ತಕದಲ್ಲಾದ್ರೂ ನಾನೊಬ್ಬಳು ಮನೇಲಿದ್ದೀನಿ ಅಂತ ಬರೀಲಿ ಅಂತಿದ್ದೆ. ಕೊಟ್ಟಿಗೇಲಿ ಮನುಷ್ಯರು ಇರಲ್ಲವಲ್ಲ."

ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ನಿಯಮದ ಪುಸ್ತಕ ಪೂರ್ತಿ ಬಾಯಿಪಾಠ ಇರುವ ನನಗೆ, ದಿನವೂ ಎದುರಿಗೇ ಓಡಾಡುವ ದೊಡ್ಡಮ್ಮನ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಸಾಹೇಬರು ಆಗಲೇ ಪಕ್ಕದ ಮನೆಯತ್ತ ಹೆಜ್ಜೆ ಹಾಕಿದ್ದರು. ಓಡಿಹೋಗಿ ಅಡ್ಡ ನಿಂತೆ.

"ಸಾರ್, ಅದು ಮನೇನೇ ಸಾರ್. ನಾವೇ ಕೊಟ್ಟಿಗೆ ಮಾಡಿದ್ದು."

"ಮನೆ ಅನ್ನೋಕೆ ಒಲೆ ಎಲ್ಲಿದೆ? ಮಲಗೋ ಜಾಗ ಎಲ್ಲಿದೆ? ಬಾಗಿಲೇ ಇಲ್ಲವಲ್ಲಮ್ಮ?"

"ಎಲ್ಲಾ ಇದೆ ಸಾರ್, ಹುಲ್ಲಿನ ಹಿಂದೆ ಇದೆ."

ಅವರು ಗಡಿಯಾರ ನೋಡಿಕೊಂಡರು. "ಪೆನ್ಸಿಲಲ್ಲಿ ಬರ್ದಿದ್ದೀನಿ. ಈ ಬೀದಿ ಮುಗಿಸಿ ಇಲ್ಲಿಗೇ ಬಂದು ಇಂಕಲ್ಲಿ ಬರೀತೀನಿ. ಅಷ್ಟರಲ್ಲಿ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಐದು ವರ್ಷ."

ಒಂದು ಬೀದಿ ಅಂದರೆ ಹೆಚ್ಚೆಂದರೆ ಮುಕ್ಕಾಲು ಗಂಟೆ. ನಾನು ಬೀದಿಯ ತುಂಬ ಬೊಬ್ಬೆ ಹೊಡೆದೆ. ತಮ್ಮ ತಮ್ಮ ಮನೆಗಳನ್ನು ಚಿಕ್ಕದು ಮಾಡುವುದರಲ್ಲಿ ಮುಳುಗಿದ್ದವರೆಲ್ಲ ಇದ್ದ ಕೆಲಸ ಬಿಟ್ಟು ಬಂದರು. ಕಟಿಂಗ್ ಶಾಪಿನವನು ಬಾಗಿಲು ಹೊತ್ತ. ಅವನ ಹೆಂಡತಿ ಮಂಚ ಇಳಿಸಿ ಹಾಸಿಗೆ ಹಾಸಿದಳು. ಹಾಲಿನವನು ಹಸುವನ್ನು ಎಳೆದ, ತಳ್ಳಿದ, ಬೇಡಿಕೊಂಡ, ಅದರ ತಾಯಿಯನ್ನೂ ಸೇರಿಸಿ ಬಯ್ದ. ಅದು ಮೆಲುಕು ಹಾಕುತ್ತಾ ಕೂತಿತ್ತು. ಕೊನೆಗೆ ದೊಡ್ಡಮ್ಮನೇ ಎದ್ದಳು. ಕಣ್ಣೊರೆಸಿಕೊಂಡು, ಬುಟ್ಟಿಯಿಂದ ಕುಂಬಳಕಾಯಿಯ ಒಂದು ಹೋಳು ತೆಗೆದು ಅದರ ಮೂಗಿಗೆ ಹಿಡಿದು ಹಿಂದಕ್ಕೆ ನಡೆದಳು. ಹಸು ಮರ್ಯಾದೆಯಿಂದ ಎದ್ದು ಅವಳ ಹಿಂದೆಯೇ ಹೊರಗೆ ಹೋಯಿತು. "ನೋಡಿದ್ಯಾ, ಹೇಳೋ ರೀತೀಲಿ ಹೇಳ್ಬೇಕು" ಅಂದಳು ಹಾಲಿನವನಿಗೆ. ಆಗ ನಗು ಶುರುವಾಯಿತು. ತಲೆಯ ಮೇಲೆ ಹುಲ್ಲು ಹೊತ್ತವರು, ಕೈಯಲ್ಲಿ ಪೊರಕೆ ಹಿಡಿದವರು ಎಲ್ಲರೂ ಬಿದ್ದು ಬಿದ್ದು ನಕ್ಕರು.

ಸಾಹೇಬರು ವಾಪಸು ಬಂದಾಗ ಒಲೆಯ ಮೇಲೆ ಟೀ ಕುದಿಯುತ್ತಿತ್ತು. ಅವರು ಬಾಗಿಲನ್ನು ಎರಡು ಸಲ ಹಾಕಿ ತೆಗೆದರು, ಬೀಗ ತಿರುಗಿಸಿ ನೋಡಿದರು, ಮಂಚ ನೋಡಿದರು, ಒಲೆಯ ಕಟ್ಟೆಯ ಮೇಲೆ ಬೆರಳಾಡಿಸಿದರು. "ಇಷ್ಟು ತಗ್ಗಿಗೆ ಯಾಕೆ ಕಟ್ಟಿಸಿದ್ರಿ?" ಅಂದರು.

"ನನ್ನ ಎತ್ತರಕ್ಕೆ" ಅಂದಳು ದೊಡ್ಡಮ್ಮ.

ಅವರ ಬೇಸರದ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಕೂತು ಟೀ ಕುಡಿದರು. ಕುಡಿಯುತ್ತಾ ಹೊರಗೆ ನೋಡಿ, "ಆ ಮಚ್ಚೆ ಹಸುವನ್ನ ಹೋದ ಸಲ ಆರು ಮನೇಲಿ ನೋಡಿದ್ದೆ. ಆರೂ ಬೇರೆ ಬೇರೆ ಹಸು ಅಂದಿದ್ರು. ಅದಿರಲಿ, ಈ ಹುಲ್ಲು ಯಾರದ್ದು?" ಅಂದರು.

ಯಾರೂ ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು, ಅದೂ ಸಿಟ್ಟಿನಿಂದ ಅಲ್ಲ.

"ನಂದು ಸಾರ್. ನನ್ನ ಹಿಂದಿನ ಕೋಣೆಯದ್ದು. ಅದು ಹುಲ್ಲಿನ ಕೋಣೆ ಅಲ್ಲ, ಹೊಲಿಗೆ ಕೋಣೆ. ಎರಡು ಮಷೀನಿದೆ. ಬರ್ಕೊಳ್ಳಿ."

ಕಟಿಂಗ್ ಶಾಪಿನವನು ನನಗೆ ಮೈಮೇಲೆ ಏನಾದರೂ ಬಂದಿದೆಯೋ ಎಂಬಂತೆ ನೋಡಿದ. ಸಾಹೇಬರು ನನ್ನದನ್ನು ಪೆನ್ಸಿಲಿನಲ್ಲಿ ಬರೆದುಕೊಂಡರು. ಆಮೇಲೆ ದೊಡ್ಡಮ್ಮನ ಪುಟ ತೆಗೆದು, ಮೊದಲು ಬರೆದದ್ದನ್ನು ರಬ್ಬರಿನಿಂದ ಉಜ್ಜಿ, ಇಂಕಿನ ಪೆನ್ನಿನ ಮುಚ್ಚಳ ತೆಗೆದರು. ನಾವೆಲ್ಲ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆವು. "ವಾಸದ ಮನೆ" ಎಂದು ಬರೆದಾಗ ಎಷ್ಟು ಜೋರಾಗಿ ಕೂಗಿದೆವೆಂದರೆ ಹೊರಗಿದ್ದ ಹಸು ಬೆಚ್ಚಿ ಓಟ ಕಿತ್ತಿತು.

ಮೂರು ವಾರದಲ್ಲಿ ತಗಡಿನ ನಂಬರೂ ಬಂತು, ಚೀಟಿಯೂ ಬಂತು. ಕಂದಾಯ ಕಟ್ಟುವ ದಿನ ಕಿಟಕಿಯ ಮುಂದೆ ಉದ್ದ ಸಾಲು. ಎಲ್ಲರೂ ಗೊಣಗುತ್ತಿದ್ದರು, ನಾನು ಎಲ್ಲರಿಗಿಂತ ಜೋರಾಗಿ. ನನ್ನ ಹೊಲಿಗೆ ಕೋಣೆಗೆ ಬಿದ್ದದ್ದು ಕಡಿಮೆಯೇನಲ್ಲ. ದೊಡ್ಡಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು, ಬಾಗಿಲು ತೆಗೆಯುವ ಮೊದಲೇ ಬಂದಿದ್ದಳಂತೆ. ಹಣ ಕೊಟ್ಟು, ರಸೀದಿ ಇಸಿದುಕೊಂಡು, ಅದನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ತನ್ನ ಹೆಸರು, ಮನೆ ನಂಬರು, ವಾಸದ ಮನೆ. ಹಿಂದಿದ್ದವರು ಯಾರೂ ಬೇಗ ಬೇಗ ಅನ್ನಲಿಲ್ಲ.

"ಮುಂದಿನ ವರ್ಷದ್ದೂ ಈಗಲೇ ಕಟ್ಟಬಹುದಾ?" ಎಂದು ಕೇಳಿದಳು.

"ಇಲ್ಲಮ್ಮ, ಅದಕ್ಕೆ ಮುಂದಿನ ವರ್ಷ ಬನ್ನಿ" ಎಂದು ಗುಮಾಸ್ತೆ ನಕ್ಕಳು.

"ಬರ್ತೀನಿ. ಅದಕ್ಕೆ ಮುಂಚೆ ಈ ಭಾನುವಾರ ನೀನು ನಮ್ಮನೆಗೆ ಊಟಕ್ಕೆ ಬಾ."

"ನಾನಾ?"

"ನೀನೂ ಬಾ, ಈ ಸಾಲಲ್ಲಿರೋ ಇವರೆಲ್ಲಾ ಬರ್ಲಿ. ನಮ್ಮನೆ ಗೊತ್ತಲ್ಲ, ಹಸಿರು ಬಾಗಿಲು."

ಆಗ ನನಗೆ ಹೊಳೆಯಿತು. ಸಾವಿರಾರು ಜನಕ್ಕೆ ಬಡಿಸಿದ ನಮ್ಮ ದೊಡ್ಡಮ್ಮ ಈ ಜೀವಮಾನದಲ್ಲಿ ಒಬ್ಬರನ್ನೂ ಊಟಕ್ಕೆ ಕರೆದಿರಲಿಲ್ಲ. ಅಡಿಗೆಯವಳು ಬಡಿಸಬಹುದು, ಕರೆಯುವುದು ಮನೆಯವರು. ನನಗೆ ಸಾಲಿನ ಮಧ್ಯದಲ್ಲೇ ಅಳು ಬಂತು, ಚೀಟಿಯಲ್ಲೇ ಕಣ್ಣೊರೆಸಿಕೊಂಡೆ.

"ಎಷ್ಟು ಹೊತ್ತಿಗೆ ಬರ್ಬೇಕು ದೊಡ್ಡಮ್ಮ?" ಎಂದು ಕಟಿಂಗ್ ಶಾಪಿನವನು ಹಿಂದಿನಿಂದ ಕೂಗಿದ.

"ಹನ್ನೆರಡಕ್ಕೆ" ಅಂದಳು. "ಬೆಳಿಗ್ಗೆ ಏನೂ ತಿನ್ಬೇಡಿ."